ನಾಳಿನ ಕೂಲಿಯನ್ನು ಇಂದೇ ಉಣ್ಣಬಹುದೋ?

ಕ್ರಿಸ್ಮಸ್ ಹಬ್ಬಕ್ಕೆ ಮುಂಚೆ ನಮ್ಮ ಸಭೆಯ ಒಬ್ಬ ಯೌವನಸ್ಥನು ನನ್ನ ಬಳಿಗೆ ಬಂದು, "ಅಯ್ಯನವರೇ, ಮೊಬೈಲಿನಲ್ಲಿ ಬಟ್ಟೆಯನ್ನು ಈಗ ತರಿಸಿಕೊಂಡು ಹಣವನ್ನು ಮೂರು ತಿಂಗಳಲ್ಲಿ ತೀರಿಸಿದರಾಯಿತು. ಬಡ್ಡಿಯಿಲ್ಲದ ಮೇಲೆ ಇದು ಸಾಲವೇ?" ಎಂದು ಕೇಳಿದನು. ಪ್ರಶ್ನೆಯು ಪ್ರಾಮಾಣಿಕವಾದದ್ದೇ; ನಾನು ಥಟ್ಟನೆ ಉತ್ತರ ಕೊಡಲಾರದೆ ಹೋದೆನು.

ಪ್ರಿಯ ಓದುಗರೇ, ಮೊದಲು ಈ ವ್ಯಾಪಾರದ ಒಳಗನ್ನು ನೋಡೋಣ. ಸಾಲ ಕೊಡುವವನು ನಮ್ಮಿಂದ ಬಡ್ಡಿ ತೆಗೆಯದಿದ್ದಾಗ ಸಾಮಾನ್ಯವಾಗಿ ಮಾರುವವನಿಂದ ಶುಲ್ಕವನ್ನು ತಕ್ಕೊಳ್ಳುತ್ತಾನೆ. ಮಾರುವವನು ಅದನ್ನು ಸಂತೋಷದಿಂದ ಕೊಡುವದು ಯಾಕೆ? ರೊಕ್ಕ ಎಣಿಸಿ ಕೊಡುವಾಗ ಹಿಂದೆಗೆಯುವ ಕೈಯು "ಆಮೇಲೆ" ಎಂಬ ಮಾತಿಗೆ ಹಿಂದೆಗೆಯುವದಿಲ್ಲವೆಂದು ಅವನು ಬಲ್ಲನು. 1,500 ರೂಪಾಯಿಯ ಬಟ್ಟೆಗೆ ತಿಂಗಳಿಗೆ 500 ಹಗುರವೇ. ಅದರ ಹಿಂದೆ ಚಪ್ಪಲಿ, ಮಿಕ್ಸಿ, ಮಗುವಿನ ಸೈಕಲ್ಲು ಎಂದು ಅಂಥ ಆರು ಕಂತುಗಳು ಕೂಡಿದರೆ 3,000 ಆಯಿತು. ಮಳೆ ಹಿಡಿದು ಎರಡು ವಾರ ಕೂಲಿ ತಪ್ಪಿದರೆ ಕಂತೂ ತಪ್ಪುವದು, ದಂಡವೂ ಬೀಳಬಹುದು. ಬಾಕಿಯ ಸಂಗತಿಯು ಸಾಲಗಾರರ ದಾಖಲೆಗೆ ಹೋಗಿ, ಮುಂದೆ ಬಿತ್ತನೆಯ ಸಾಲಕ್ಕಾಗಿ ಬ್ಯಾಂಕಿಗೆ ಹೋದಾಗ ಎದುರು ನಿಲ್ಲುವದು.

ಊರ ಅಂಗಡಿಯ ಉದ್ರಿಯಾದರೋ ಬೇರೆ. ಮನೆಯಲ್ಲಿ ಕಾಯಿಲೆಯೆಂದರೆ ಅಂಗಡಿಯವನು ಕಾಯುತ್ತಿದ್ದನು. ಲೆಕ್ಕ ಉಬ್ಬುವದಕ್ಕೆ ಮುಂಚೆ ಸಾಕೆನ್ನುತ್ತಿದ್ದನು. (ಲೆಕ್ಕವನ್ನು ತಿರುಚಿದವರೂ ಇದ್ದರು, ಅದನ್ನು ಮರೆಯಬಾರದು.) ಮೊಬೈಲಿಗೆ ನಮ್ಮ ಮುಖದ ಗುರುತಿಲ್ಲ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಮೊಬೈಲಿನ ಮೂಲಕ ಕೊಡುವ ಸಾಲದ ಒಟ್ಟು ವಾರ್ಷಿಕ ವೆಚ್ಚವನ್ನು ಮುಂಚಿತವಾಗಿ ಬರಹದಲ್ಲಿ ತಿಳಿಸಬೇಕೆಂದು ವಿಧಿಸಿತು. ಆ ಬರಹವನ್ನು ಓದುವವರು ನಮ್ಮಲ್ಲಿ ಎಷ್ಟು ಮಂದಿ?

ಸಾಲವೆಲ್ಲಾ ಪಾಪವೆಂದು ನಾನು ಹೇಳೆನು. ಔಷಧಕ್ಕೂ ಬಿತ್ತನೆಗೂ ಸಾಲ ಬೇಕಾದೀತು. ಆದರೆ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಅಲ್ಪ ಸಾಲಕ್ಕಾಗಿ ಜೀತದಾಳುಗಳಾದರು. 1976ರ ಕಾನೂನು ಆ ನೊಗವನ್ನು ರದ್ದುಮಾಡಿತು. ಅಂಗಿಯ ಕಂತನ್ನು ಜೀತಕ್ಕೆ ಸಮ ಮಾಡುವದು ಅತಿಯಾದೀತು. ಆದರೂ ಎರಡರಲ್ಲಿಯೂ ಒತ್ತೆಯಾಗುವದು ಇನ್ನೂ ಬಾರದ ದಿವಸದ ದುಡಿಮೆಯೇ. ಆ ದಿವಸವು ದೇವರ ಕೈಯಲ್ಲಿರುವಾಗ, ಹಬ್ಬದ ಉಡುಪಿಗಾಗಿ ಅದನ್ನು ಒತ್ತೆಯಿಡಲು ನಮಗೆ ಅಧಿಕಾರವೆಲ್ಲಿಂದ?

ಅರಸುಗಳ ಎರಡನೆಯ ಪುಸ್ತಕದ 4ನೆಯ ಅಧ್ಯಾಯದಲ್ಲಿ ಸಾಲಗಾರನು ವಿಧವೆಯ ಇಬ್ಬರು ಮಕ್ಕಳನ್ನು ಒಯ್ಯಲು ಬಂದಿದ್ದನು. ಎಲೀಷನು ಅವಳ ಮನೆಯಲ್ಲಿ ಏನಿದೆಯೆಂದು ಮೊದಲು ಕೇಳಿದನು. ಇದ್ದದ್ದು ಒಂದು ಕುಡಿಕೆ ಎಣ್ಣೆ. ಅದು ಹೆಚ್ಚಿದ ಮೇಲೆ ಮಾರಿ, ಮೊದಲು ಸಾಲವನ್ನು ತೀರಿಸಿ, ಉಳಿದದ್ದರಿಂದ ಮಕ್ಕಳೊಂದಿಗೆ ಬದುಕಬೇಕೆಂದು ಹೇಳಿದನು.

ಈ ಅಧ್ಯಾಯವನ್ನು ಆ ಯೌವನಸ್ಥನೊಂದಿಗೆ ಓದಿದೆನು. ಹಬ್ಬದ ದಿನ ಅವನು ಹಳೇ ಅಂಗಿಯನ್ನೇ ಇಸ್ತ್ರಿ ಮಾಡಿ ತೊಟ್ಟು ದೇವಾಲಯಕ್ಕೆ ಬಂದನು. ತಂಗಿಗೆ ಮಾತ್ರ ಹೊಸ ಲಂಗ, ಅದೂ ಸಂತೆಯಲ್ಲಿ ರೊಕ್ಕ ಕೊಟ್ಟು ತಂದದ್ದು.