ನಡುವೆ ಕೂತ ರಬ್ಬರು

ಮಿಕ್ಸಿಯ ಅಡಿಗಿರುವ ರಬ್ಬರು ಕಾಲುಗಳಲ್ಲಿ ಒಂದು ಉದುರಿಹೋದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಟ್ನಿಗೆ ಹಾಕಿ ಸ್ವಿಚ್ಚು ತಿರುಗಿಸಿದೊಡನೆ ಅದು ಅಡುಗೆ ಕಟ್ಟೆಯ ಮೇಲೆ ನಡೆಯಲು ಹೊರಡುತ್ತದೆ. ಪಕ್ಕದ ಲೋಟಗಳೆಲ್ಲ ಗಲಗಲ ಎನ್ನುತ್ತವೆ. ಕಾರಿನಲ್ಲೂ ಇಂಥವೇ ರಬ್ಬರುಗಳಿವೆ. ಎಂಜಿನ್ನು, ಗೇರ್‌ಬಾಕ್ಸುಗಳನ್ನು ಕಾರಿನ ಮೈಗೆ ನೇರವಾಗಿ ಬಿಗಿಯುವುದಿಲ್ಲ. ಕಬ್ಬಿಣದ ತುಂಡುಗಳ ನಡುವೆ ರಬ್ಬರನ್ನು ಅಂಟಿಸಿ ಮಾಡಿದ ಮೂರೋ ನಾಲ್ಕೋ ಮೌಂಟಿಂಗುಗಳ ಮೇಲೆ ಕೂರಿಸಿರುತ್ತಾರೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಂತಲ್ಲೇ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೂ ಅದರೊಳಗೆ ಸೆಕೆಂಡಿಗೆ 25 ಸಲ ಪೆಟ್ರೋಲು ಸಿಡಿಯುತ್ತದೆ. ಆ ಗುದ್ದುಗಳಲ್ಲಿ ಬಹುಪಾಲನ್ನು ರಬ್ಬರು ಆಚೆಗೇ ತಡೆಯುತ್ತದೆ, ಒಂದಷ್ಟನ್ನು ತನ್ನೊಳಗೆ ಶಾಖವಾಗಿ ಕರಗಿಸುತ್ತದೆ.

ಇದಕ್ಕೊಂದು ಚರಿತ್ರೆಯೂ ಇದೆ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರಿನ ಮೇಲೆ ತೂಗಿಬಿಟ್ಟಂತೆ ಕೂರಿಸಿ, ಅದಕ್ಕೆ 'ಫ್ಲೋಟಿಂಗ್ ಪವರ್' ಎಂದು ಹೆಸರಿಟ್ಟಿತು. ಮರುವರ್ಷ ಫ್ರಾನ್ಸಿನ ಸಿಟ್ರೊಯೆನ್ ಅದನ್ನು ಕೊಂಡು ತನ್ನ ಕಾರುಗಳ ಮುಂದೆ ಈಜುವ ಹಂಸದ ಲಾಂಛನ ಹಾಕಿಕೊಂಡಿತು. ಹಂಸವನ್ನೇ ಆರಿಸಿದ್ದು ಸರಿಯಾಗಿಯೇ ಇದೆ. ನೀರಿನ ಕೆಳಗೆ ದುಡಿಯುವ ಅದರ ಕಾಲುಗಳನ್ನು ಯಾರೂ ಚಿತ್ರದಲ್ಲಿ ಬರೆಯುವುದಿಲ್ಲ.

ನಮ್ಮ ಕಾರಿಗೆ ಹದಿನಾಲ್ಕು ವರ್ಷ. ಕ್ಲಚ್ಚು ಬಿಟ್ಟಾಗ ಕಾರು ಮುಗ್ಗರಿಸತೊಡಗಿತು, ಗೇರು ಬದಲಿಸಿದಾಗ ಕೆಳಗಿನಿಂದ 'ಧಡ್' ಎಂಬ ಸದ್ದು. ಗ್ಯಾರೇಜಿನ ಹುಡುಗ ಬಾನೆಟ್ಟು ಎತ್ತಿ, ನನ್ನಿಂದಲೇ ಗಾಡಿ ಸ್ಟಾರ್ಟು ಮಾಡಿಸಿ, ಎಂಜಿನ್ನು ಹಿಂದಕ್ಕೂ ಮುಂದಕ್ಕೂ ತೂಗುವುದನ್ನು ತೋರಿಸಿದ. ವಯಸ್ಸಾದ ಹಾಗೆ, ಬಿಸಿಗೆ, ಸೋರುವ ಎಣ್ಣೆಗೆ ರಬ್ಬರು ಬಿರಿಯುತ್ತದಂತೆ. ಎಲ್ಲ ಹೊಸದು ಹಾಕಿಸಿದರೆ ಕೂಲಿ ಸೇರಿ ಒಂಬತ್ತು ಸಾವಿರ. "ಇಲ್ಲದಿದ್ರೆ ಒಂದು ಉಪಾಯ ಇದೆ ಟೀಚರಮ್ಮ, ಐನೂರರಲ್ಲಿ ಮುಗಿಯುತ್ತೆ" ಎಂದ.

ಉಪಾಯ ಕೇಳಲು ಚೆನ್ನಾಗಿಯೇ ಇತ್ತು. ಮೌಂಟಿಂಗಿನ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ತೂತುಗಳಿರುತ್ತವೆ, ರಬ್ಬರಿಗೆ ಆಚೀಚೆ ಆಡಲು ಜಾಗವಿರಲೆಂದು. ಅದನ್ನು ಬಿಚ್ಚಿ, ಎಣ್ಣೆ ಜಿಡ್ಡು ತೊಳೆದು, ಒಂದು ಬದಿಗೆ ಟೇಪು ಮೆತ್ತಿ, ಕಾರಿನ ಗಾಜು ಕೂರಿಸುವ ಕಪ್ಪು ಪಾಲಿಯುರೆಥೇನ್ ಅಂಟನ್ನು ಆ ತೂತುಗಳಿಗೆ ತುಂಬಿಬಿಡುವುದು. ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುವ ಅಂಟು ಅದು. ದಪ್ಪಗೆ ತುಂಬಿದರೆ ಒಳಗಿನವರೆಗೆ ಒಣಗಲು ವಾರ ಬೇಕು. ಆಮೇಲೆ ಎಂಜಿನ್ನು ಅಲ್ಲಾಡುವುದಿಲ್ಲ, ಗೇರು ಕರಾರುವಾಕ್ಕಾಗಿ ಬೀಳುತ್ತದೆ. "ಆದರೆ ನಡುಕ ಸ್ವಲ್ಪ ಒಳಗೆ ಬರುತ್ತೆ" ಎಂದು ಕೊನೆಗೆ ಸೇರಿಸಿದ. ಪ್ರಾಮಾಣಿಕ ಹುಡುಗ.

ನನ್ನ ತಲೆಯಲ್ಲಿ ಉಳಿದದ್ದು ಆ ಕೊನೆಯ ಮಾತು. ನಡುಕ ಎಲ್ಲಿಗೂ ಹೋಗುವುದಿಲ್ಲ, ಜಾಗ ಬದಲಿಸುತ್ತದೆ, ಅಷ್ಟೆ. ನಾನು ಉಳಿಸುವ ಎಂಟೂವರೆ ಸಾವಿರವನ್ನು ಯಾರೋ ಮೈಯಲ್ಲಿ ತೀರಿಸುತ್ತಾರೆ. ರೇಸಿನವರೂ ಹೀಗೆ ಗಟ್ಟಿ ಮಾಡಿಸಿಕೊಳ್ಳುತ್ತಾರೆ, ನಿಜ. ಆದರೆ ಅದರೊಳಗೆ ಕೂರುವವರು ಅವರೇ. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಗೆ ಹೋಗುವವರು ಎಂಬತ್ತನಾಲ್ಕು ವರ್ಷದ, ಸೊಂಟದ ಮೂಳೆ ಮುರಿದು ಕೂಡಿಸಿಕೊಂಡ ನನ್ನ ಅತ್ತೆ. ಮಿತವ್ಯಯ ದೊಡ್ಡ ಗುಣವೆಂದು ನಾವೆಲ್ಲ ಕಲಿತಿದ್ದೇವೆ, ಮಕ್ಕಳಿಗೂ ಕಲಿಸಿದ್ದೇವೆ. ನಾನು ಮೂವತ್ತು ವರ್ಷದಿಂದ ಜಮಾಖರ್ಚು ಬರೆಯುತ್ತಿದ್ದೇನೆ. ಉಳಿತಾಯದ ಪಕ್ಕದಲ್ಲಿ 'ಯಾರಿಂದ' ಎಂಬ ಕಾಲಮ್ಮು ಯಾವ ಪುಸ್ತಕದಲ್ಲೂ ಇಲ್ಲ.

ಅತ್ತೆ ಇರುವುದು ನನ್ನ ಹಿರಿಯ ಓರಗಿತ್ತಿಯ ಮನೆಯಲ್ಲಿ. ಮೂವರು ಗಂಡುಮಕ್ಕಳ ಸಂಸಾರದಲ್ಲಿ ಇಷ್ಟು ವರ್ಷ ನಡುವೆ ಕೂತವರು ಆ ಅಕ್ಕನೇ. ಅತ್ತೆ ಬೈದದ್ದು ಮೈದುನಂದಿರ ಕಿವಿಗೆ ಬೀಳುವ ಹೊತ್ತಿಗೆ "ಅಮ್ಮ ನಿಮ್ಮನ್ನೇ ನೆನೆಸಿಕೊಳ್ಳುತ್ತಿದ್ದರು" ಎಂದಾಗಿರುತ್ತಿತ್ತು. ಅತ್ತೆ ಹಾಸಿಗೆ ಹಿಡಿದ ಮೇಲೆ ಹಗಲು ನೋಡಿಕೊಳ್ಳಲು ಒಬ್ಬಾಕೆಯನ್ನು ಇಡೋಣವೆಂಬ ಮಾತು ಬಂದಾಗಲೆಲ್ಲ, "ಅಷ್ಟು ಖರ್ಚು ಯಾಕೆ? ಅತ್ತಿಗೆ ಇದ್ದಾರಲ್ಲ" ಎಂದು ಎದ್ದುಬಿಡುತ್ತಿದ್ದರು. ಇದು ಆ ಐನೂರು ರೂಪಾಯಿಯ ಉಪಾಯಕ್ಕಿಂತಲೂ ಅಗ್ಗ.

ಕಳೆದ ವರ್ಷ ಅಕ್ಕ ಬದಲಾದರು. ಅತ್ತೆ ಅಂದದ್ದನ್ನು ಅಂದ ಹಾಗೆಯೇ ಫೋನಿನಲ್ಲಿ ದಾಟಿಸತೊಡಗಿದರು. "ನಿನ್ನಮ್ಮ ಅನ್ನ ತಟ್ಟೆಗೆ ಉಗುಳಿದರು, ನನಗೆ ಕೈ ನಡುಗುತ್ತಿದೆ, ಬಂದು ನೋಡು." ಎಲ್ಲರ ಮನೆಯ ಲೋಟಗಳೂ ಅಲ್ಲಾಡಿದವು. "ಅತ್ತಿಗೆ ಮೊದಲಿನ ಹಾಗಿಲ್ಲ, ಕಲ್ಲಾಗಿಬಿಟ್ಟರು" ಎಂದು ಕಿರಿಯ ಮೈದುನ ನನ್ನ ಮುಂದೆ ಅಂದಾಗ, ಮತ್ತೆ ಮೆತ್ತಗಾಗಲಿ ಎಂಬ ಹಂಬಲ ಯಾರ ಸುಖಕ್ಕಾಗಿ ಎಂದು ಕೇಳಿಯೇಬಿಟ್ಟೆ. ಅವನು ಕಾಫಿ ಕುಡಿದು ಹೊರಟುಹೋದ. ನಡುಕ ಇವತ್ತು ಹುಟ್ಟಿದ್ದಲ್ಲ. ಇಷ್ಟು ದಿನ ಅದು ಒಬ್ಬರ ಮೈಯಲ್ಲೇ ಇಂಗುತ್ತಿತ್ತು. ಹಾಗೆಂದು ಗಟ್ಟಿಯಾಗುವುದೇ ಸರಿ ಎಂದೂ ನಾನು ಹೇಳಲಾರೆ. ಅಕ್ಕನ ಮಾತಿನ ಪೆಟ್ಟು ಕೆಲವು ಸಲ ಏನೂ ತಪ್ಪು ಮಾಡದ ಅವರ ಸೊಸೆಗೂ ಬಿದ್ದಿದೆ, ಆ ಹುಡುಗಿ ಅತ್ತದ್ದನ್ನು ಕಂಡಿದ್ದೇನೆ. ಅದಕ್ಕೂ ಲೆಕ್ಕ ಕೊಡಬೇಕಾದವರು ನಾವೇ ಎಂದು ನನ್ನ ಅನಿಸಿಕೆ. ಮೌಂಟಿಂಗು ಹಾಳಾದರೆ ಎಂಜಿನ್ನಿನ ತೊಯ್ದಾಟಕ್ಕೆ ಸೈಲೆನ್ಸರ್ ಪೈಪಿನ ಬೆಸುಗೆಯೂ ಬಿರಿಯುತ್ತದೆಂದು ಆ ಹುಡುಗ ಹೇಳಿದ್ದ.

ಕಾರಿನ ವಿಷಯ ಬೇಗ ಇತ್ಯರ್ಥವಾಯಿತು. ಭಾರ ಹೊರುವ ಎರಡೂ ಮೌಂಟಿಂಗುಗಳಲ್ಲಿ ರಬ್ಬರು ಕಬ್ಬಿಣದಿಂದಲೇ ಕಿತ್ತುಬಂದಿತ್ತು. "ಹರಿದಿರೋದಕ್ಕೆ ತುಂಬಿ ಪ್ರಯೋಜನ ಇಲ್ಲ" ಎಂದ ಹುಡುಗ; ಅವೆರಡನ್ನು ಹೊಸದು ಹಾಕಿಸಿದೆ. ಎಂಜಿನ್ನಿನ ತೂಗಾಟ ತಡೆಯುವ ಮೂರನೆಯದು ಬರೀ ಬಿರಿದಿತ್ತು, ಅದಕ್ಕೆ ಅಂಟು ತುಂಬಿಸಿದೆ. ರೈಲ್ವೆ ಗೇಟಿನಲ್ಲಿ ನಿಂತಾಗ ಸ್ಟೀರಿಂಗು ನನ್ನ ಅಂಗೈಯಲ್ಲಿ ಝುಮ್ಮೆನ್ನುತ್ತದೆ. ಅಷ್ಟನ್ನು ನಾನು ಒಪ್ಪಿಕೊಂಡೇ ಹಾಕಿಸಿದ್ದು. ಹಿಂದೆ ನಡುಕ ಬರುತ್ತದೆಯೇ ಎಂದು ಅತ್ತೆಯನ್ನು ಕೇಳಿದೆ. "ನಾನು ಮದುವೆಯಾಗಿ ಬಂದ ಎತ್ತಿನ ಗಾಡಿಗಿಂತ ವಾಸಿ ಕಣೇ" ಎಂದರು.

ಅವರನ್ನು ನೋಡಿಕೊಳ್ಳಲು ಈಗ ಒಬ್ಬಾಕೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಐದಕ್ಕೆ ಹೋಗುತ್ತಾಳೆ. ಸಂಬಳ ಮೂರು ಪಾಲು ಎಂದು ಮಾತಾಗಿದೆ. ಈ ತಿಂಗಳು ಮೂರನೆಯ ಪಾಲು ಇನ್ನೂ ಬಂದಿಲ್ಲ. ನಾನು ಕೇಳಲೇ ಎಂದರೆ, "ನೀನು ಸುಮ್ಮನಿರು, ನಾನೇ ಫೋನು ಮಾಡುತ್ತೇನೆ" ಎಂದಿದ್ದಾರೆ ಅಕ್ಕ.