ಗುರುವಿನ ಅನುಮಾನವೂ ಶಿಷ್ಯರ ಸಿದ್ಧಾಂತವೂ

ಗುರುವಾದವನು ಬಾಯಿಂದ ಹೇಳಿ ಕೈಯಿಂದ ಬರೆಯದೆ ಹೋದರೆ, ಆ ಮಾತಿಗೆ ಮುಂದೆ ಹೊಣೆ ಯಾರು? ಹೇಳಿದವನೋ, ಕೇಳಿ ಬರೆದಿಟ್ಟವನೋ, ಬರೆದದ್ದನ್ನು ಓದಿ ಅದರ ಮೇಲೆ ತನ್ನ ಮನೆಯನ್ನು ಕಟ್ಟಿಕೊಂಡವನೋ? ವಾಚಕ ಮಹಾಶಯರು ಇದನ್ನು ಧರ್ಮಗ್ರಂಥಗಳಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯೆಂದು ಭಾವಿಸಬಾರದು. ಇಪ್ಪತ್ತನೆಯ ಶತಮಾನದಲ್ಲಿ ಮಾನವಶಾಸ್ತ್ರ, ಸಾಹಿತ್ಯವಿಮರ್ಶೆ, ತತ್ತ್ವಶಾಸ್ತ್ರಗಳ ದಿಕ್ಕನ್ನೇ ಬದಲಿಸಿದ ಗ್ರಂಥವೊಂದುಂಟು. ಮುಖಪುಟದಲ್ಲಿ ಯಾರ ಹೆಸರಿದೆಯೋ ಅವರು ಅದನ್ನು ಬರೆಯಲೇ ಇಲ್ಲ.

ಅವರೇ ಫರ್ಡಿನಾಂಡ್ ದ ಸಸ್ಯೂರ್. 1857ರಲ್ಲಿ ಜಿನೀವಾ ನಗರದಲ್ಲಿ ಜನಿಸಿದ ಇವರು ಸಂಸ್ಕೃತದ ವಿದ್ವಾಂಸರು. ಲೈಪ್ಜಿಗ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಅವರ ಪ್ರಬಂಧದ ವಿಷಯವೇ ಸಂಸ್ಕೃತದ ಸತಿಷಷ್ಠೀ ಪ್ರಯೋಗ. ನಮ್ಮ ವ್ಯಾಕರಣ ಪಾಠಶಾಲೆಗಳಲ್ಲಿ ಅನಾದರ ಷಷ್ಠಿಯೆಂದು ಹೇಳಿಕೊಡುವುದು ಇದನ್ನೇ. 1907ರಿಂದ 1911ರವರೆಗೆ ಜಿನೀವಾದಲ್ಲಿ ಮೂರು ಆವೃತ್ತಿ ಸಾಮಾನ್ಯ ಭಾಷಾವಿಜ್ಞಾನದ ಪಾಠ ಹೇಳಿದರು. 1913ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ಪಾಠಗಳನ್ನು ಪುಸ್ತಕವಾಗಿಸುವ ಮನಸ್ಸು ಅವರಿಗಿದ್ದಂತೆ ಕಾಣುವುದಿಲ್ಲ. ಭಾಷೆಯ ಬಗೆಗೆ ವಿವೇಕಯುಕ್ತವಾಗಿ ಹತ್ತು ಸಾಲು ಬರೆಯುವುದೂ ದುಸ್ತರವಾಗಿದೆಯೆಂದು 1894ರಷ್ಟು ಹಿಂದೆಯೇ ಪ್ಯಾರಿಸಿನ ತಮ್ಮ ಶಿಷ್ಯ ಮೇಯೆ ಅವರಿಗೆ ಪತ್ರದಲ್ಲಿ ತೋಡಿಕೊಂಡಿದ್ದರು.

ಅವರು ಹೇಳಿದ್ದೇನು? ಪದದ ಅರ್ಥವು ಪದದೊಳಗೆ ಗಂಟು ಕಟ್ಟಿಟ್ಟ ವಸ್ತುವಲ್ಲ. ಅದು ಇತರ ಪದಗಳೊಡನೆ ಅದಕ್ಕಿರುವ ಭೇದದಿಂದ ಹುಟ್ಟುವಂಥದು. 'ಹಾಲು', 'ಹಾಳು' ಎಂಬ ಎರಡು ಪದಗಳನ್ನು ನೋಡಿರಿ. ನಾಲಗೆ ತುಸು ಹಿಂದಕ್ಕೆ ಮಡಿಚಿತೆಂದರೆ ಬಟ್ಟಲಿನಲ್ಲಿದ್ದುದು ಬೀದಿಪಾಲಾಗುತ್ತದೆ. ಲಕಾರದಲ್ಲಿ ಅಮೃತವಿಲ್ಲ, ಳಕಾರದಲ್ಲಿ ವಿಷವಿಲ್ಲ. ಇರುವುದು ಎರಡರ ನಡುವಣ ಅಂತರ ಮಾತ್ರ. ಹಾಗೆಯೇ 'ಅಕ್ಕ' ಎಂಬ ಮಾತಿನ ಬೆಲೆ ನಿಂತಿರುವುದು ಪಕ್ಕದಲ್ಲಿ 'ತಂಗಿ' ಎಂಬ ಮಾತಿರುವುದರಿಂದ. ಇಂಗ್ಲಿಷಿನ 'ಸಿಸ್ಟರ್' ಒಂದೇ ಪದ ಇಬ್ಬರನ್ನೂ ಹೊತ್ತುಕೊಂಡಿರುವುದರಿಂದ ಅದರ ಬೆಲೆ ಬೇರೆ. ಭಾಷೆಯೆಂಬುದು ಹೆಸರುಗಳ ಪಟ್ಟಿಯಲ್ಲ, ಪರಸ್ಪರಾವಲಂಬಿಯಾದ ವ್ಯವಸ್ಥೆ ಎಂದರು ಸಸ್ಯೂರರು. 'ಗೋ' ಶಬ್ದವು ಗೋವಲ್ಲದ್ದನ್ನು ನಿವಾರಿಸಿ ಅರ್ಥ ಕೊಡುತ್ತದೆಂಬ ದಿಙ್ನಾಗನ ಅಪೋಹವಾದವನ್ನು ಬಲ್ಲವರಿಗೆ ಈ ಜಾಡು ಅಪರಿಚಿತವೆನಿಸದು. ಆದರೆ ಸಾಮ್ಯ ಕಂಡಲ್ಲೆಲ್ಲ ಋಣಸಂಬಂಧವನ್ನು ಹೂಡಿ ಹಿಗ್ಗುವುದು ನಮ್ಮ ಪಂಡಿತರ ಹಳೆಯ ಚಾಪಲ್ಯ. ಅದನ್ನು ಇಲ್ಲಿ ಬೆಳೆಸುವುದು ಬೇಡ.

ಈ ವಿಚಾರ ಭಾಷಾವಿಜ್ಞಾನದ ಎಲ್ಲೆ ದಾಟಿದ ಬಗೆ ಸ್ವಾರಸ್ಯಕರವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪನ್ನು ತೊರೆದು ನ್ಯೂಯಾರ್ಕ್ ಸೇರಿದ್ದ ಇಬ್ಬರು ಯಹೂದಿ ವಿದ್ವಾಂಸರು ಅಲ್ಲಿ ಭೇಟಿಯಾದರು. ರೋಮನ್ ಯಾಕೊಬ್ಸನ್ನರು ಧ್ವನಿಗಳ ವ್ಯವಸ್ಥೆಯನ್ನು ಕುರಿತು ಉಪನ್ಯಾಸ ಮಾಡುತ್ತಿದ್ದರು. ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ಟ್ರಾಸ್ ಅದನ್ನು ಕೇಳುತ್ತಿದ್ದರು. ಧ್ವನಿಗಳು ಭೇದದಿಂದ ಅರ್ಥ ಪಡೆಯುವುದಾದರೆ ನಂಟಸ್ತಿಕೆಯೂ ಹಾಗೆಯೇ ಏಕಾಗಬಾರದೆಂದು ಅವರು ಯೋಚಿಸಿದರು. ಇದರ ತಾತ್ಪರ್ಯ ಕನ್ನಡಿಗರಿಗೆ ವಿವರಿಸದೆಯೇ ತಿಳಿಯುವಂಥದು. ಸೋದರಮಾವನ ಮಗಳೂ ಚಿಕ್ಕಪ್ಪನ ಮಗಳೂ ರಕ್ತದ ಲೆಕ್ಕದಲ್ಲಿ ಸಮದೂರದವರು. ಆದರೂ ನಮ್ಮ ಎಷ್ಟೋ ಮನೆತನಗಳಲ್ಲಿ ಮೊದಲನೆಯವಳು ವಧುವಾಗಬಹುದು, ಎರಡನೆಯವಳು ತಂಗಿ. ರಕ್ತ ಹೇಳದ ಭೇದವನ್ನು ವ್ಯವಸ್ಥೆ ಹೇಳುತ್ತದೆ. 1949ರಲ್ಲಿ ಪ್ರಕಟವಾದ ಬಂಧುತ್ವದ ಮೂಲ ಸಂರಚನೆಗಳನ್ನು ಕುರಿತ ಅವರ ಬೃಹದ್ಗ್ರಂಥ ಇಂಥ ಸೋದರಿಕೆಯ ವಿವಾಹಗಳನ್ನೇ ಮುಖ್ಯವಾಗಿ ಪರಿಶೀಲಿಸಿತು. ಮನೆತನ ಮನೆತನಗಳು ಮಾತನ್ನು ವಿನಿಮಯ ಮಾಡಿಕೊಳ್ಳುವಂತೆ ಹೆಣ್ಣನ್ನು ಕೊಟ್ಟು ತಂದು ಸಮಾಜವನ್ನು ಕಟ್ಟಿದವು ಎಂಬುದು ಅದರ ಮುಖ್ಯ ಪ್ರತಿಪಾದನೆ.

ಪ್ರಶ್ನೆ ಏಳುವುದು ಇಲ್ಲಿಯೇ. ಹೆಣ್ಣು ಹಾಗಾದರೆ ಒಂದು ಸಂಕೇತವೇ? ಕೊಟ್ಟ ಕಡೆಗೆ ಹೋಗುವ ಒಂದು ಪದವೇ? 1975ರಲ್ಲಿ ಅಮೆರಿಕದ ಗೇಲ್ ರೂಬಿನ್ ಈ ಗ್ರಂಥದ ಮೇಲೆ ಮಾಡಿದ ವಿಮರ್ಶೆಯ ಮರ್ಮ ಇದೇ. ಆದರೆ ಲೆವಿ-ಸ್ಟ್ರಾಸರಿಗೂ ಈ ಇಕ್ಕಟ್ಟು ಹೊಳೆಯದೆ ಇರಲಿಲ್ಲ. ತಮ್ಮ ಗ್ರಂಥದ ಕೊನೆಯ ಪುಟಗಳಲ್ಲಿ ಅವರು, ಹೆಣ್ಣು ಎಂದಿಗೂ ಬರಿಯ ಸಂಕೇತವಾಗಲಾರಳು, ಅವಳು ಸ್ವತಃ ಸಂಕೇತಗಳನ್ನು ಸೃಜಿಸುವ ವ್ಯಕ್ತಿಯೂ ಹೌದು ಎಂಬ ಮಾತನ್ನು ಸೇರಿಸಿದರು. ಸೇರಿಸಿದರು, ಆದರೆ ಆ ಮಾತಿನಿಂದ ಹೊರಟು ಗ್ರಂಥವನ್ನು ಮತ್ತೆ ಕಟ್ಟಲಿಲ್ಲ. ವ್ಯವಸ್ಥೆಯ ಚಿತ್ರ ಪೂರ್ಣವಾದ ಮೇಲೆ ನುಡಿಯುವ ಜೀವ ನೆನಪಾಯಿತು. ನಮ್ಮ ದೃಷ್ಟಿಯಲ್ಲಿ ಈ ಪಂಥದ ದೋಷ ಸಂರಚನೆಯನ್ನು ಕಂಡದ್ದರಲ್ಲಿಲ್ಲ. ನುಡಿಯುವವನನ್ನು ಕೊನೆಯ ಪುಟಕ್ಕೆ ಸರಿಸಿದ್ದರಲ್ಲಿದೆ.

ಈ ಸರಿಸುವಿಕೆ ಸಸ್ಯೂರರಿಂದಲೇ ಬಂದುದೇ? ಮತ್ತೆ ಆ ಗ್ರಂಥದ ಕಡೆಗೆ ಬರೋಣ. ಅವರು ಕಾಲವಾದ ಮೇಲೆ ಸಹೋದ್ಯೋಗಿಗಳಾದ ಷಾರ್ಲ್ ಬಾಲಿ ಮತ್ತು ಆಲ್ಬೇರ್ ಸೆಶೆಹೇ ಗುರುವಿನ ಮೇಜಿನಲ್ಲಿ ಹುಡುಕಿದರು. ಪಾಠಗಳಿಗೆ ಸರಿಹೊಂದುವ ಬರಹ ಬಹುತೇಕ ದೊರೆಯಲಿಲ್ಲ. ಇವರಿಬ್ಬರೂ ಆ ಪಾಠಗಳಲ್ಲಿ ಕುಳಿತವರೂ ಅಲ್ಲ. ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಗಳನ್ನು ಕಲೆಹಾಕಿ, ಮೂರು ವರ್ಷದ ಪಾಠಗಳನ್ನು ಒಂದಾಗಿ ಹೆಣೆದು, 1916ರಲ್ಲಿ 'ಸಾಮಾನ್ಯ ಭಾಷಾವಿಜ್ಞಾನದ ಪಾಠಗಳು' ಎಂಬ ಗ್ರಂಥವನ್ನು ಹೊರತಂದರು. ಇದು ಸಾಮಾನ್ಯ ಸೇವೆಯಲ್ಲ. ಶೂನ್ಯಸಂಪಾದನೆಯಲ್ಲಿ ಶರಣರ ವಚನಗಳನ್ನು ಶತಮಾನಗಳ ನಂತರದ ಸಂಪಾದಕರು ಸಂವಾದವಾಗಿ ಜೋಡಿಸಿದ್ದನ್ನು ಬಲ್ಲ ನಾವು ಬಾಲಿ, ಸೆಶೆಹೇ ಅವರನ್ನು ಹಗುರವಾಗಿ ಹಳಿಯುವಂತಿಲ್ಲ. ಆದರೆ ಜೋಡಣೆಯೂ ಒಂದು ವ್ಯಾಖ್ಯಾನವೇ ಎಂಬುದನ್ನು ಮರೆಯುವಂತಿಲ್ಲ.

ಮೂರನೆಯ ಆವೃತ್ತಿಯ ಪಾಠದಲ್ಲಿ ಸಸ್ಯೂರರು ಮೊದಲು ಲೋಕದ ಭಾಷೆಗಳನ್ನು, ಅವುಗಳ ವೈವಿಧ್ಯವನ್ನು, ಊರಿಂದೂರಿಗೆ ಅವು ಮಾರ್ಪಡುವ ಪರಿಯನ್ನು ವಿವರಿಸಿದರು. ಅಲ್ಲಿಂದ ಭಾಷಾವ್ಯವಸ್ಥೆಗೆ ಬಂದರು. ಬಳಿಕ ವ್ಯಕ್ತಿಗಳ ಮಾತಿಗೆ ಬರುವುದಾಗಿ ಹೇಳಿದ್ದರು, ಬರುವಷ್ಟು ಆಯುಸ್ಸಿರಲಿಲ್ಲ. ಸಂಪಾದಕರು ವ್ಯವಸ್ಥೆಯನ್ನು ಮೊದಲಿಗೆ ತಂದು, ಭಾಷೆಗಳ ವೈವಿಧ್ಯವನ್ನು ಗ್ರಂಥದ ಹಿಂಭಾಗಕ್ಕೆ ಕಳುಹಿದರು. ಇನ್ನೂ ದೊಡ್ಡ ಸಂಗತಿಯೊಂದಿದೆ. ಭಾಷಾವಿಜ್ಞಾನಕ್ಕೆ ನಿಜವಾದ ವಿಷಯವೆಂದರೆ ಭಾಷಾವ್ಯವಸ್ಥೆಯೊಂದೇ, ಅದನ್ನು ಅದಕ್ಕಾಗಿಯೇ ಅಭ್ಯಸಿಸಬೇಕು ಎಂಬರ್ಥದ ಕೊನೆಯ ವಾಕ್ಯವನ್ನು ಈ ಪಂಥದವರು ಮಹಾವಾಕ್ಯದಂತೆ ಉದ್ಧರಿಸುತ್ತ ಬಂದರು. ಅದು ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಇಲ್ಲವೆಂದು 1957ರಲ್ಲಿ ರೋಬೇರ್ ಗೋದೆಲ್ ಮೂಲ ಆಕರಗಳನ್ನು ಶೋಧಿಸಿ ತೋರಿಸಿದರು. ಅದು ಸಂಪಾದಕರ ವಾಕ್ಯ. ಗುರು ಅರ್ಧದಾರಿಯಲ್ಲಿ ನಿಲ್ಲಿಸಿದ್ದ ಮಾತಿಗೆ ಶಿಷ್ಯರು ಪೂರ್ಣವಿರಾಮವಿಟ್ಟಿದ್ದರು.

ಪ್ಯಾರಿಸಿನಲ್ಲಿ ಆ ಹೊತ್ತಿಗೆ ಸಂರಚನಾವಾದ ಉಚ್ಛ್ರಾಯಕ್ಕೆ ಏರುತ್ತಿದ್ದಿತು. ರೋಲಾಂ ಬಾರ್ತರು ಉಡುಗೆ ತೊಡುಗೆ, ಊಟ, ಜಾಹೀರಾತು ಎಲ್ಲವನ್ನೂ ಸಂಕೇತವ್ಯವಸ್ಥೆಗಳಾಗಿ ಓದಿದರು. 1967ರಲ್ಲಿ ಕರ್ತೃವಿನ ಮರಣವನ್ನು ಸಾರಿದರು. ಅದೇ ವರ್ಷ ಝಾಕ್ ದೆರಿದಾ, ಬರಹವನ್ನು ಕೀಳುಗಳೆದು ಮಾತನ್ನು ಮೇಲೆ ಕೂರಿಸಿದರೆಂದು ಸಸ್ಯೂರರನ್ನು ವಿಮರ್ಶಿಸಿದರು. ಅದೇ 1967ರಲ್ಲಿ ರುಡಾಲ್ಫ್ ಎಂಗ್ಲರರು ಮುದ್ರಿತ ಗ್ರಂಥದ ಪಕ್ಕದಲ್ಲಿ ವಿದ್ಯಾರ್ಥಿಗಳ ಟಿಪ್ಪಣಿಗಳನ್ನು ಸಾಲುಸಾಲಾಗಿ ಇರಿಸಿ ಪರಿಷ್ಕೃತ ಆವೃತ್ತಿಯನ್ನು ಪ್ರಕಟಿಸತೊಡಗಿದರು. ತಾವು ಆಧರಿಸಿದ ಪಾಠ ಒಂದು ದಿನ ಸಂದೇಹಕ್ಕೆ ಒಳಗಾಗಬಹುದೆಂಬುದನ್ನು ದೆರಿದಾ ಅಡಿಟಿಪ್ಪಣಿಯಲ್ಲಿ ಸೂಚಿಸಿದ್ದರು. ಅವರ ಅನುಯಾಯಿಗಳಲ್ಲಿ ಅಡಿಟಿಪ್ಪಣಿಯನ್ನು ಓದಿದವರು ವಿರಳ. ಕರ್ತೃ ಸತ್ತನೆಂದವರೂ ಸಸ್ಯೂರರ ಹೆಸರನ್ನು ಪ್ರಮಾಣವಾಗಿ ಹಿಡಿಯುವುದನ್ನು ಬಿಡಲಿಲ್ಲವೆಂಬುದು ನಮಗೆ ಈಗಲೂ ನಗೆ ತರಿಸುವ ಸಂಗತಿ.

1996ರಲ್ಲಿ ಜಿನೀವಾದ ಸಸ್ಯೂರ್ ಮನೆತನದ ನಿವಾಸದ ತೋಟದ ಕಟ್ಟಡದಲ್ಲಿ ಅವರ ಸ್ವಹಸ್ತದ ಕಾಗದಗಳು ದೊರೆತವು, 2002ರಲ್ಲಿ ಅಚ್ಚಾದವು. ಆ ಬಿಡಿ ಹಾಳೆಗಳಲ್ಲಿ ವಾಕ್ಯಗಳು ಅರ್ಧಕ್ಕೆ ನಿಲ್ಲುತ್ತವೆ, ಪದಗಳಿಗೆ ಎಡೆ ಖಾಲಿ ಬಿಟ್ಟಿದೆ. ಭಾಷೆಯನ್ನು ಅದನ್ನಾಡುವ ಸಮುದಾಯದಿಂದ ಬೇರ್ಪಡಿಸಬಹುದೇ ಎಂಬ ಚಿಂತೆ ಮರಳಿ ಮರಳಿ ಬರುತ್ತದೆ. ಇದನ್ನೇ ಹಿಡಿದು ಇಂದಿನವರು 'ನಿಜವಾದ ಸಸ್ಯೂರ್' ದೊರೆತರೆಂದು ಸಂಭ್ರಮಿಸುತ್ತಿದ್ದಾರೆ. ಈ ಸಂಭ್ರಮದಲ್ಲಿಯೂ ನಮಗೆ ಪೂರ್ಣ ವಿಶ್ವಾಸವಿಲ್ಲ. ಹೊಸ ಸಂಪಾದಕರೂ ಸಂಪಾದಕರೇ. 1916ರ ಗ್ರಂಥ ಅವರದಲ್ಲವೆಂದ ಮಾತ್ರಕ್ಕೆ ಅದು ಐವತ್ತು ವರ್ಷ ಮಾಡಿದ ಕಾರ್ಯ ಅಳಿಸಿಹೋಗದು. ಯಾವ ಜನಾಂಗದ ಮಾತೂ ಒರಟು ಮಾತಲ್ಲ, ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ಣವಾದ ವ್ಯವಸ್ಥೆ ಎಂಬ ಗೌರವವನ್ನು ವಿದ್ವಲ್ಲೋಕದಲ್ಲಿ ಬೇರೂರಿಸಿದ್ದರಲ್ಲಿ ಆ ಗ್ರಂಥದ ಪಾಲು ಸಣ್ಣದಲ್ಲ.

ಆದರೆ ಸಸ್ಯೂರರ ಒಂದು ನಡೆಯನ್ನು ಓದುಗರು ಗಮನಿಸಬೇಕು. ಆ ಪಾಠಗಳನ್ನು ಹೇಳುತ್ತಿದ್ದ ವರ್ಷಗಳಲ್ಲಿಯೇ ಅವರು ಲ್ಯಾಟಿನ್ ಪದ್ಯಗಳಲ್ಲಿ ದೇವತೆಗಳ, ವೀರರ ಹೆಸರಿನ ಅಕ್ಷರಗಳು ಚದುರಿ ಅಡಗಿವೆಯೆಂದು ಶಂಕಿಸಿ, ಟಿಪ್ಪಣಿ ಪುಸ್ತಕದ ಮೇಲೆ ಪುಸ್ತಕವನ್ನು ತುಂಬಿಸಿದರು. ಹುಡುಕಿದಲ್ಲೆಲ್ಲ ದೊರೆಯಿತು. ಅತಿಯಾಗಿ ದೊರೆಯಿತು; ಅದೇ ಅವರನ್ನು ಕಾಡಿತು. ಇದು ಕವಿಯ ಉದ್ದೇಶವೋ, ಅಕ್ಷರಗಳ ಆಕಸ್ಮಿಕವೋ, ತಮ್ಮ ಕಣ್ಣಿನ ಆಸೆಯೋ? ಲ್ಯಾಟಿನ್ನಿನಲ್ಲಿ ಕವಿತೆ ರಚಿಸುತ್ತಿದ್ದ ಇಟಲಿಯ ಜೊವಾನಿ ಪಾಸ್ಕೊಲಿ ಅವರಿಗೆ 1909ರಲ್ಲಿ ಪತ್ರ ಬರೆದು, ಇಂದಿನ ಕವಿಗಳು ಇದನ್ನು ಬೇಕೆಂದೇ ಮಾಡುತ್ತಾರೆಯೇ ಎಂದು ಕೇಳಿದರು. ಎರಡನೆಯ ಪತ್ರಕ್ಕೆ ಉತ್ತರ ಬರಲಿಲ್ಲ. ಅವರು ಆ ಶೋಧನೆಯನ್ನು ನಿಲ್ಲಿಸಿದರು, ಒಂದಕ್ಷರವನ್ನೂ ಪ್ರಕಟಿಸಲಿಲ್ಲ.