ಯಾವುದರ ಸಮಾನತೆ?

ಸೈಕಲ್ ಒಂದು ವಸ್ತು. ಅದರಿಂದ ನಮಗೆ ಸಿಗಬೇಕಾದದ್ದು ಓಡಾಟ. ಕಾಲಿಗೆ ಬಲವಿಲ್ಲದವರಿಗೆ, ರಸ್ತೆಯೇ ಇಲ್ಲದ ಊರಿನವರಿಗೆ, ಹೆಣ್ಣುಮಕ್ಕಳು ಸೈಕಲ್ ತುಳಿಯಬಾರದು ಎನ್ನುವ ಮನೆಯ ಹುಡುಗಿಗೆ ಸೈಕಲ್ ಸಿಕ್ಕರೂ ಓಡಾಟ ಸಿಗುವುದಿಲ್ಲ. ಸೈಕಲ್ಲಿನ ಉದಾಹರಣೆ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತಮ್ಮ ವಾದವನ್ನು ವಿವರಿಸಲು ಬಳಸಿದ್ದು. ಸಮಾನತೆ ಬೇಕು ಎನ್ನುತ್ತೇವಲ್ಲ, ಯಾವುದರ ಸಮಾನತೆ ಎಂದು ಅವರು 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನೀಡಿದ ಉಪನ್ಯಾಸದಲ್ಲಿ ಕೇಳಿದರು.

ಆಗ ಎರಡು ಉತ್ತರಗಳು ಬಳಕೆಯಲ್ಲಿದ್ದವು. ಜನರ ತೃಪ್ತಿಯನ್ನು ಅಳೆಯಿರಿ ಎನ್ನುವುದು ಒಂದು. ಹಕ್ಕು, ಅವಕಾಶ, ಆದಾಯಗಳಂಥ ಮೂಲಭೂತ ಸಂಪನ್ಮೂಲಗಳು ಹೇಗೆ ಹಂಚಿಕೆಯಾಗಿವೆ ನೋಡಿ ಎನ್ನುವುದು ಇನ್ನೊಂದು; ಇದು ತತ್ವಜ್ಞಾನಿ ಜಾನ್ ರಾಲ್ಸ್ ನ್ಯಾಯದ ಕುರಿತ ತಮ್ಮ 1971ರ ಗ್ರಂಥದಲ್ಲಿ ಕೊಟ್ಟ ಉತ್ತರ. ಸೇನ್ ಎರಡನ್ನೂ ಒಪ್ಪಲಿಲ್ಲ. ತಲೆತಲಾಂತರದಿಂದ ಇಲ್ಲದಿರುವಿಕೆಗೆ ಒಗ್ಗಿಹೋದವರು ಆಸೆಯನ್ನೇ ಕತ್ತರಿಸಿಕೊಂಡಿರುತ್ತಾರೆ, ಆದ್ದರಿಂದ ಅವರ ತೃಪ್ತಿಯನ್ನು ನಂಬಿ ನ್ಯಾಯ ಹೇಳಲಾಗದು. ಸಂಪನ್ಮೂಲವನ್ನಷ್ಟೇ ಎಣಿಸಿದರೆ ಸೈಕಲ್ಲಿನ ಕಥೆಯೇ ಆಗುತ್ತದೆ. ಒಬ್ಬ ಮನುಷ್ಯ ನಿಜವಾಗಿ ಏನು ಮಾಡಬಲ್ಲ, ಏನಾಗಬಲ್ಲ ಎಂಬುದನ್ನು ನೋಡಬೇಕು ಎಂದರು ಸೇನ್. ಇದಕ್ಕೆ ಸಾಮರ್ಥ್ಯ ಸಿದ್ಧಾಂತ ಎಂದು ಹೆಸರು. ಇಲ್ಲಿ ಸಾಮರ್ಥ್ಯ ಎಂದರೆ ಆಯ್ಕೆಯ ಸ್ವಾತಂತ್ರ್ಯವೂ ಹೌದು. ಏಕಾದಶಿಯ ಉಪವಾಸ ಹಿಡಿದವರ ಹೊಟ್ಟೆಯೂ ಖಾಲಿ, ಅನ್ನವಿಲ್ಲದವರ ಹೊಟ್ಟೆಯೂ ಖಾಲಿ. ಆದರೆ ಮೊದಲನೆಯವರು ಬೇಕೆಂದರೆ ಉಣ್ಣಬಲ್ಲರು.

ಎಲ್ಲರನ್ನೂ ಒಳಗೊಳ್ಳುವ ನಾವೀನ್ಯತೆಯ ಮಾತು ಈಗ ನಮ್ಮ ಆರ್ಥಿಕ ನೀತಿಯ ಚರ್ಚೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಅಗ್ಗದ ವಸ್ತು ತಯಾರಾದರೆ ಬಡವರು ಒಳಗೊಂಡಂತೆ ಎಂದು ಅಲ್ಲಿ ಸುಲಭವಾಗಿ ನಂಬಿಬಿಡುತ್ತಾರೆ. ಸೇನ್ ಅವರ ಕಣ್ಣಿನಿಂದ ನೋಡಿದರೆ ಬೆಲೆ ಇಳಿಯುವುದು ಮೊದಲ ಹೆಜ್ಜೆ ಮಾತ್ರ.

ಜೈಪುರ ಕಾಲನ್ನೇ ನೋಡಿ. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಕೂಡಿ ರೂಪಿಸಿದ ಕೃತಕ ಪಾದ ಅದು. ಅದಕ್ಕೂ ಮೊದಲು ಕೃತಕ ಕಾಲು ಇರಲಿಲ್ಲವೆಂದಲ್ಲ. ಪಾಶ್ಚಾತ್ಯ ಮಾದರಿಯ ಕಾಲಿಗೆ ಬೂಟು ಬೇಕಿತ್ತು, ಅದು ಕುರ್ಚಿ ಮೇಜುಗಳ ಬದುಕಿಗೆ ಹೊಂದುವಂತಿತ್ತು. ಅದನ್ನು ಕಟ್ಟಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಲ್ಲಿ ಕೂರುವುದು, ಕೆಸರುಗದ್ದೆಗೆ ಇಳಿಯುವುದು ಕಷ್ಟ. ರಬ್ಬರಿನ ಜೈಪುರ ಪಾದ ಬೇಕಾದ ಕಡೆಗೆಲ್ಲ ಬಾಗಿತು, ನೀರಿಗೆ ಹೆದರಲಿಲ್ಲ, ಬರಿಗಾಲಿನಂತೆಯೇ ಕಂಡಿತು. ಅದರ ಅಗ್ಗದ ಬೆಲೆಯನ್ನು ಹೊಗಳುವವರು ಬಹಳ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು, ಅದನ್ನು ಮಾಡುವಾಗ ಕಣ್ಣೆದುರಿಗಿದ್ದದ್ದು ಒಬ್ಬ ರೈತನ ಇಡೀ ದಿನ ಎಂಬುದು. ಕಾಲು ಕೊಟ್ಟು ಹೊಲವನ್ನು ಬಿಡಿಸಿದರೆ ಅವನಿಗೆ ಸಿಕ್ಕಿದ್ದೇನು?

ಸಾಮರ್ಥ್ಯಕ್ಕೆ ಅಡ್ಡಿಯಾಗುವುದು ಯಾವಾಗಲೂ ವಸ್ತುವಿನ ರೂಪವೇ ಆಗಿರಬೇಕಿಲ್ಲ. ಬೆಂಗಳೂರಿನಲ್ಲಿ 1995ರಲ್ಲಿ ಸೌರವಿದ್ಯುತ್ತಿನ ಸೆಲ್ಕೋ ಸಂಸ್ಥೆಯನ್ನು ಇನ್ನೊಬ್ಬರೊಡನೆ ಕಟ್ಟಿದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ಬೀದಿಬದಿಯ ವ್ಯಾಪಾರಿಯೊಬ್ಬರ ಮಾತನ್ನು ನೆನೆಯುವುದುಂಟು: ಸೌರದೀಪಕ್ಕೆ ತಿಂಗಳಿಗೆ 300 ರೂಪಾಯಿ ಹೊರೆ, ದಿನಕ್ಕೆ 10 ರೂಪಾಯಿಯಾದರೆ ಆಗಬಹುದು. ಲೆಕ್ಕ ಒಂದೇ. ಆದರೆ ದಿನದ ದುಡಿಮೆಯಲ್ಲಿ ದಿನದ ಸಂಸಾರ ನಡೆಯುವ ಮನೆಯಲ್ಲಿ ತಿಂಗಳ ಕೊನೆಯವರೆಗೆ ಹಣ ಉಳಿಯುವುದಿಲ್ಲ. ಇಲ್ಲಿ ಹೊಸತಾಗಬೇಕಾದದ್ದು ಸಾಲ ತೀರಿಸುವ ಕ್ರಮ, ಅದಕ್ಕೆ ಒಪ್ಪುವ ಬ್ಯಾಂಕು. ಸೌರಫಲಕದ ಒಳಗಿನ ತಂತ್ರಜ್ಞಾನ ಮೊದಲೇ ಇತ್ತು. ನಮ್ಮ ಸಂಶೋಧನಾ ಅನುದಾನಗಳು ಇಂಥ ಬದಲಾವಣೆಯನ್ನು ಶೋಧವೆಂದು ಗುರುತಿಸುವುದು ಕಡಿಮೆ. ಪೇಟೆಂಟುಗಳನ್ನು ಎಣಿಸುವುದು ಸುಲಭ. ಬೆಳಕು ಬಂದ ಮೇಲೆ ಆ ವ್ಯಾಪಾರಿ ಇನ್ನೆಷ್ಟು ಹೊತ್ತು ಗಾಡಿ ನಡೆಸಬಲ್ಲರು ಎಂಬುದನ್ನು ಎಣಿಸಲು ಅವರ ಬಳಿಗೇ ಹೋಗಬೇಕು.

ಸೇನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಜನ ನೆರವು ಪಡೆಯುವವರಷ್ಟೇ ಅಲ್ಲ, ಬದಲಾವಣೆಯ ಕರ್ತೃಗಳೂ ಹೌದು ಎನ್ನುತ್ತಾರೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ರೈತ ಅಬ್ದುಲ್ ಖಾದರ್ ನಡಕಟ್ಟಿನ ಹುಣಸೆಬೀಜ ಬೇರ್ಪಡಿಸುವ ಯಂತ್ರವನ್ನೂ ಬಿತ್ತನೆಯ ಕೂರಿಗೆಯನ್ನೂ ಮಾಡಿದವರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹುಣಸೆ ಕುಟ್ಟಿ ಬೀಜ ತೆಗೆಯುವ ಕೈಗಳ ನೋವು ಬಲ್ಲವರಿಗೆ ಮಾತ್ರ ಅದೊಂದು ಪರಿಹಾರ ಹುಡುಕಬೇಕಾದ ಸಮಸ್ಯೆಯಾಗಿ ಕಾಣುತ್ತದೆ. ಇಂಥವರನ್ನು ಹುಡುಕಿ ಬೆಂಬಲಿಸಲೆಂದೇ 2000ದಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಹುಟ್ಟಿತು. ಪ್ರಶಸ್ತಿ, ಪ್ರತಿಷ್ಠಾನ ಎರಡೂ ಬೇಕು. ಆದರೆ ಯಂತ್ರ ಮಾಡಿ ಮುಗಿಸಿದ ಮೇಲೆ ಗುರುತಿಸುವುದು ಬೇರೆ, ಯಾವ ಸಮಸ್ಯೆಗೆ ಹಣ ಇಡಬೇಕು ಎನ್ನುವ ಮಾತಿಗೇ ಕರೆಯುವುದು ಬೇರೆ.

ಈ ಸಿದ್ಧಾಂತದ ಒಳಗೇ ಇರುವ ಜಗಳವೂ ಇದೇ. ಯಾವ ಸಾಮರ್ಥ್ಯಗಳು ಮುಖ್ಯ ಎಂದು ಯಾರು ಹೇಳಬೇಕು? ಇದೇ ಸಿದ್ಧಾಂತವನ್ನು ಬೆಳೆಸಿದ ತತ್ವಜ್ಞಾನಿ ಮಾರ್ಥಾ ನಸ್‌ಬಾಮ್ ಹತ್ತು ಅಂಶಗಳ ಪಟ್ಟಿ ಕೊಟ್ಟರು. ಎಲ್ಲ ಕಾಲಕ್ಕೂ ಸಲ್ಲುವ ಪಟ್ಟಿ ಬೇಡ, ಆಯಾ ಸಮಾಜ ಬಹಿರಂಗ ಚರ್ಚೆಯಲ್ಲಿ ನಿರ್ಧರಿಸಲಿ ಎನ್ನುತ್ತಾರೆ ಸೇನ್. ಕನಿಷ್ಠ ಗೆರೆ ಎಳೆಯಲು ಪಟ್ಟಿ ನೆರವಾಗುತ್ತದೆ, ಅದನ್ನು ತಳ್ಳಿಹಾಕಲಾರೆ. ನಾವೀನ್ಯತೆಯ ವಿಷಯದಲ್ಲಿ ಮಾತ್ರ ನಾನು ಸೇನ್ ಪಕ್ಷ. ನಾಟಿ ಮಾಡುವ ಹೆಂಗಸಿನ ಸೊಂಟನೋವು ದೇಶದ ಸಂಶೋಧನೆಯ ವಿಷಯವಾಗಬೇಕಾದರೆ, ವಿಷಯ ಗೊತ್ತುಮಾಡುವ ಸಭೆಯಲ್ಲಿ ಅವಳಿಗೆ ಜಾಗವಿರಬೇಕು, ಆ ದಿನದ ಕೂಲಿಯೂ ಸಿಗಬೇಕು.